ಶಾಂಪೊಲುಕ್‌ನಲ್ಲಿ ಉಳಿಯೋದಾ, ಗ್ರೆಸ್ಸೊನೇನಲ್ಲಾ? ಮೊದಲ ಸ್ಕೀ ರಜೆ, ಜನವರಿ ಕೊನೇ ವಾರ

ಪಡ್ಡುಪ್ರಿಯೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ನಾಲ್ಕು ಜನ, ಆರು ದಿನ ಸ್ಕೀ. ಇಬ್ಬರು ದೊಡ್ಡವರು ಪೂರ್ತಿ ಹೊಸಬರು, ಒಬ್ಬರಿಗೆ ಕೆಂಪು (ಮಧ್ಯಮ ಕಷ್ಟದ) ಇಳಿಜಾರಿನ ತನಕ ಬರುತ್ತೆ, ಜೊತೆಗೆ ಒಂಬತ್ತು ವರ್ಷದ ಹುಡುಗ. ಗದ್ದಲ, ಡಿಸ್ಕೊ, ಲಿಫ್ಟ್ ಮುಂದೆ ಉದ್ದುದ್ದ ಸಾಲು ಬೇಡ ಅಂತ ಇಟಲಿಯ ಮೋಂಟೆ ರೋಸಾ ಪರ್ವತದ ಬುಡದ ಊರುಗಳನ್ನ ನೋಡ್ತಿದ್ದೀವಿ. ಶಾಂಪೊಲುಕ್, ಗ್ರೆಸ್ಸೊನೇ, ಅಲಾನ್ಯಾ ಮೂರಕ್ಕೂ ಒಂದೇ ಲಿಫ್ಟ್ ಪಾಸ್ ಅಂತೆ. ಎಲ್ಲಿ ರೂಮ್ ಮಾಡಬೇಕು? ಸ್ಕೀ, ಬೂಟು ಎಲ್ಲ ಅಲ್ಲೇ ಬಾಡಿಗೆಗೆ ತಗೊಳ್ಳೋದೇ? ನಾವು ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕೆಂಪುಪಿಸ್ತಾ
ಶಾಂಪೊಲುಕ್. ಎರಡನೇ ಮಾತೇ ಇಲ್ಲ.

ಊರು ಇರೋದು 1,568 ಮೀಟರ್ ಎತ್ತರದಲ್ಲಿ. ಹೊಸಬರ ಜಾಗ ಊರಲ್ಲಿಲ್ಲ, ಗೊಂಡೊಲಾ (ತಂತಿ ಮೇಲೆ ಓಡೋ ಮುಚ್ಚಿದ ಡಬ್ಬಿ) ಹತ್ತಿ ಕ್ರೆಸ್ಟ್‌ಗೆ ಹೋಗಬೇಕು. ಅದು ಹೆಚ್ಚುಕಮ್ಮಿ 2,000 ಮೀಟರ್, ಹಾಗಾಗಿ ಕೆಳಗೆ ಊರಲ್ಲಿ ಮಳೆ ಬಂದು ರಾಡಿಯಾಗಿದ್ದರೂ ಮೇಲೆ ಹಿಮ ಗಟ್ಟಿ ಇರುತ್ತೆ. ಒಂದೇ ಎಚ್ಚರಿಕೆ: ಸಂಜೆ ಕ್ರೆಸ್ಟ್‌ನಿಂದ ಊರಿಗೆ ಇಳಿಯೋ ದಾರಿ ಹೊಸಬರದ್ದಲ್ಲ. ಕಡಿದಾಗಿದೆ. ಅಷ್ಟು ಹೊತ್ತಿಗೆ ಹಿಮ ಕೆರೆದು ಹೋಗಿ ಐಸ್ ಕಾಣಿಸ್ತಾ ಇರುತ್ತೆ, ಕಾಲೂ ಸೋತಿರುತ್ತೆ. ಮೊದಲ ನಾಲ್ಕು ದಿನ ಗೊಂಡೊಲಾದಲ್ಲೇ ಇಳೀರಿ, ಯಾರೂ ನಗಲ್ಲ.

ಅಂದಹಾಗೆ ಅಲ್ಲಿ ಇಳಿಜಾರಿಗೆ 'ಪಿಸ್ತಾ' ಅಂತಾರೆ. ಬೋರ್ಡ್ ನೋಡಿ ಐಸ್‌ಕ್ರೀಂ ಅಂಗಡಿ ಹುಡುಕಬೇಡಿ.

ಮ್ಯೂನಿಕ್ ಮೊಸರನ್ನ
ಇವರು ಕೆಂಪು ಪಿಸ್ತಾ ಬರೋರನ್ನ ಮರೆತೇಬಿಟ್ರು. ಆ ನಾಲ್ಕನೆಯವರು ಆರು ದಿನವೂ ಶಾಂಪೊಲುಕ್ ಕಡೆಯಲ್ಲೇ ಸುತ್ತಬೇಕಾ? ನಡುವಿನ ಕಣಿವೆ ಗ್ರೆಸ್ಸೊನೇಯದ್ದು. ಅಲ್ಲಿ ಸ್ಟಾಫಲ್‌ನಲ್ಲಿ (ಸುಮಾರು 1,820 ಮೀ.) ಉಳಿದರೆ ಒಂದು ಕಡೆ ಸಾಂಟಾನ್ನಾ ಮೂಲಕ ಬೆಟ್ಟಾಫೋರ್ಕಾ, ಇನ್ನೊಂದು ಕಡೆ ಗಾಬಿಯೆತ್ ಮೂಲಕ ಪಾಸ್ಸೊ ದೇಯಿ ಸಲಾತಿ. ಎಡಕ್ಕೆ ಹೋದರೆ ಶಾಂಪೊಲುಕ್, ಬಲಕ್ಕೆ ಹೋದರೆ ಅಲಾನ್ಯಾ. ಗಾಳಿಗೆ ಒಂದು ಕಡೆ ಮುಚ್ಚಿದರೂ ಇನ್ನೊಂದು ಕಡೆ ತೆರೆದಿರೋ ಸಾಧ್ಯತೆ ಇದೆ.

ಕೆಂಪುಪಿಸ್ತಾ
ನಾಲ್ವರಲ್ಲಿ ಮೂವರಿಗೆ ಬೇಕಿರೋದು ಚಪ್ಪಟೆ ಜಾಗ, ತೆವಳುಪಟ್ಟಿ (ಮೇಲೆ ನಿಂತರೆ ಸಾಕು, ಅದೇ ಇಳಿಜಾರು ಹತ್ತಿಸುತ್ತೆ), ಹೇಳಿಕೊಡೋ ಮೇಷ್ಟ್ರು. ಸ್ಟಾಫಲ್ ಅಂದರೆ ಲಿಫ್ಟ್ ನಿಲ್ದಾಣ, ನಾಲ್ಕು ಹೋಟೆಲು, ಪಾರ್ಕಿಂಗ್. ಸಂಜೆ ಐದಾದ ಮೇಲೆ ಆ ಹುಡುಗ ಗೋಡೆ ನೋಡಬೇಕಾ? ಶಾಂಪೊಲುಕ್‌ನಲ್ಲಿ ಕಡೇಪಕ್ಷ ಒಂದು ಬೀದಿ ಇದೆ, ಬೇಕರಿ ಇದೆ, ಅಂಗಡಿ ಇದೆ.

ಕುಡ್ಲದ ಹಿಮಕರಡಿ
ಇಬ್ಬರೂ ಒಂದು ಮುಖ್ಯ ವಿಷಯ ಬಿಟ್ರಿ ಮಾರಾಯ್ರೆ. ಬೆಟ್ಟಾಫೋರ್ಕಾ. ಹೆಸರಲ್ಲೇ ಬೆಟ್ಟ ಉಂಟು, ಸುಮಾರು 2,700 ಮೀಟರ್. ಶಾಂಪೊಲುಕ್, ಗ್ರೆಸ್ಸೊನೇ ಎರಡು ಕಣಿವೆಗೂ ಇರುವ ಕೊಂಡಿ ಅದೊಂದೇ. ಬಯಲು ಏಣು, ಗಾಳಿಗೆ ಅಡ್ಡ ಏನೂ ಇಲ್ಲ. ಗಾಳಿ ಜೋರಾದ್ರೆ ಚೇರ್‌ಲಿಫ್ಟ್ ನಿಲ್ಲಿಸ್ತಾರೆ.

ಈಗ ಲೆಕ್ಕ ಹಾಕಿ. ಶಾಂಪೊಲುಕ್‌ನವರು ಬೆಳಿಗ್ಗೆ ದಾಟಿ ಸ್ಟಾಫಲ್‌ಗೆ ಹೋದ್ರು, ಮಧ್ಯಾಹ್ನ ಗಾಳಿ ಎದ್ದಿತು, ಲಿಫ್ಟ್ ನಿಂತಿತು. ವಾಪಸ್ ರಸ್ತೆಯಲ್ಲಿ: ಸ್ಟಾಫಲ್‌ನಿಂದ ಪೊಂಟ್ ಸೇಂಟ್ ಮಾರ್ಟಿನ್‌ಗೆ ಇಳಿಯಬೇಕು, ವೆರ್ರೆಸ್‌ಗೆ ಹೋಗಬೇಕು, ಪುನಃ ಮೇಲೆ ಹತ್ತಬೇಕು. 80 ಕಿ.ಮೀ. ಆಸುಪಾಸು, ಒಂದೂವರೆ ಗಂಟೆ, ಟ್ಯಾಕ್ಸಿ ಬಿಲ್ಲು ನೋಡಿದ್ರೆ ತಲೆ ತಿರುಗ್ತದೆ. ಅಲಾನ್ಯಾದಲ್ಲಿ ಸಿಕ್ಕಿಬಿದ್ರೆ ಇನ್ನೂ ಚಂದ! ಅದು ಬೇರೆ ಪ್ರಾಂತ್ಯ, ಪಿಯೆಮೊಂಟೆ. ರಸ್ತೆಯಲ್ಲಿ ಎರಡೂವರೆ–ಮೂರು ಗಂಟೆ.

ಹಾಗಾಗಿ ಕಣಿವೆ ದಾಟುವವರಿಗೆ ನಿಯಮ ಇಷ್ಟೇ. ಬೆಳಿಗ್ಗೆ ಲಿಫ್ಟ್ ಸ್ಥಿತಿ ನೋಡಿ, ಕೊನೆಯ ಕೊಂಡಿ ಲಿಫ್ಟ್ ಎಷ್ಟು ಗಂಟೆಗೆ ಅಂತ ಕೆಳಗಿನ ಬೋರ್ಡಿನಲ್ಲಿ ಓದಿಕೊಳ್ಳಿ. ಮಾಮೂಲಿ ಲಿಫ್ಟ್ ಮುಚ್ಚುವ ಸಮಯ ಬೇರೆ, ಕೊಂಡಿ ಲಿಫ್ಟ್ ಮುಚ್ಚುವ ಸಮಯ ಬೇರೆ, ಅದು ಮೊದಲೇ ಮುಚ್ತದೆ. ಆ ಸಮಯಕ್ಕೆ ಒಂದು ಗಂಟೆ ಮೊದಲೇ ವಾಪಸ್ ಹೊರಡಿ. ಊಟ ನಿಮ್ಮ ಕಣಿವೆಗೆ ಬಂದ ಮೇಲೆ.

ಮ್ಯೂನಿಕ್ ಮೊಸರನ್ನ
ಒಪ್ಪಿದೆ. ಹಾಗಂತ ನನ್ನ ವಾದವೇನೂ ಬಿದ್ದಿಲ್ಲ: ನಡುವಿನ ಕಣಿವೆಯಲ್ಲಿ ಇರೋರಿಗೆ ಒಂದೇ ಬೆಟ್ಟ ದಾಟೋ ತಲೆನೋವು, ಅಂಚಿನ ಕಣಿವೆಯವರಿಗೆ ಎರಡು.

ಸೋಮಾರಿ ಸ್ಕೀಯರ್
ಇಷ್ಟೆಲ್ಲ ಯಾಕೆ? ಗುಲ್ಮಾರ್ಗ್‌ಗೆ ಹೋಗಿ. ವೀಸಾ ಬೇಡ, ರಾಜ್ಮಾ ಚಾವಲ್ ಸಿಗುತ್ತೆ, ಖರ್ಚು ಕಾಲುಭಾಗ.

ಹಿಮಲೆಕ್ಕಿಗ
ಗುಲ್ಮಾರ್ಗ್ ಬೈಯೋ ಜಾಗವಲ್ಲ, ಆದರೆ ಈ ಗುಂಪಿಗೆ ಹೊಂದಲ್ಲ. ಅಲ್ಲಿ ಹೊಸಬರಿಗೆ ಗೊಂಡೊಲಾ ಕೆಳಗಿನ ಚಿಕ್ಕ ಇಳಿಜಾರುಗಳು, ಪರಿಣತರಿಗೆ ಅಫರ್ವಾಟ್ ಮೇಲಿನ ತುಳಿಯದ ಹಿಮ. ಇವೆರಡರ ನಡುವಿನವರಿಗೆ ಬೇಕಾದ, ಯಂತ್ರ ಓಡಿಸಿ ಹದ ಮಾಡಿದ ಉದ್ದನೆಯ ನೀಲಿ–ಕೆಂಪು ದಾರಿಗಳೇ ಕಡಿಮೆ. ಮೂರು ದಿನ ಕಲಿಯೋದಕ್ಕೆ ಸಾಕು. ಆರು ದಿನದ ಕುಟುಂಬಕ್ಕೆ, ಅದರಲ್ಲೂ ಕೆಂಪು ತನಕ ಬರೋರಿಗೆ, ಸಾಲದು.

ಜೋಳದರೊಟ್ಟಿ
ಊರಿನ ಜಗಳ ಆಮ್ಯಾಲೆ ಮಾಡ್ರಿ. ಮೊದಲ ಬೂಟಿನ ಮಾತು ಆಡೂಣು. ಮೊದಲ ರಜಾ ಹಾಳಾಗೂದು ಊರಿಂದಲ್ರೀ, ಬೂಟಿಂದ.

ನಮ್ಮ ಮಂದಿ ಮಾಡೂ ತಪ್ಪು ಒಂದ ಐತಿ. ಚಳಿ ಅಂತ ಎರಡೆರಡು ಉಣ್ಣಿ ಸಾಕ್ಸ್ ಹಾಕ್ತಾರ, ಥರ್ಮಲ್ ಪ್ಯಾಂಟಿನ ಅಂಚೂ ಬೂಟಿನೊಳಗ ತುರುಕ್ತಾರ. ಅಲ್ಲೇ ರಕ್ತ ಓಡೂದು ನಿಂತು ಕಾಲು ಇನ್ನೂ ತಣ್ಣಗಾಗ್ತಾವು, ಮಡಿಕಿ ಒತ್ತಿ ಮೊಣಕಾಲಿನ ಕೆಳಗ ಗಾಯ ಆಗ್ತೈತಿ. ಒಂದ ಜೋಡಿ, ತೆಳ್ಳಂದು, ಮೊಣಕಾಲ ತನಕ ಬರೂ ಸ್ಕೀ ಸಾಕ್ಸ್. ಅಷ್ಟ. ಪ್ಯಾಂಟಿನ ಅಂಚು ಬೂಟಿನ ಮ್ಯಾಲೆ ನಿಲ್ಲಬೇಕು.

ಅಳತಿ ಸೆಂಟಿಮೀಟರ್‌ನ್ಯಾಗ ಹೇಳ್ತಾರ. ಪಾದದ ಉದ್ದ 26.5 ಸೆಂ.ಮೀ. ಇದ್ರ 26.5. ಗ್ವಾಡಿಗೆ ಹಿಮ್ಮಡಿ ಹಚ್ಚಿ, ಹೆಬ್ಬೆರಳಿನ ತುದಿಗೆ ಪೆನ್ಸಿಲ್ ಗೆರಿ ಹಾಕಿ ಮನ್ಯಾಗ ಅಳದ ಹೋಗ್ರಿ. ಅಂಗಡಿಯಾಂವ ಬೂಟು ಕೊಟ್ಟಾಗ ನೆಟ್ಟಗ ನಿಂತ್ರ ಬೆರಳು ಮುಂದ ಮೆಲ್ಲಕ ತಾಗಬೇಕು, ಮೊಣಕಾಲು ಮುಂದ ಬಗ್ಗಿಸಿದ್ರ ಬೆರಳು ಹಿಂದ ಸರಿಬೇಕು, ಹಿಮ್ಮಡಿ ಮ್ಯಾಲೆ ಏಳಬಾರದು. 'ಆರಾಮ ಐತಿ, ಚಪ್ಪಲಿ ಹಾಕ್ಕೊಂಡಂಗ' ಅನಿಸಿದ್ರ ಅದು ದೊಡ್ಡದಾತು, ವಾಪಸ್ ಕೊಡ್ರಿ. ಹತ್ತು ನಿಮಿಷ ಹಾಕ್ಕೊಂಡು ಅಂಗಡ್ಯಾಗ ಅಡ್ಡಾಡ್ರಿ, ಅವಸರ ಮಾಡಬ್ಯಾಡ್ರಿ.

ಬೈಂಡಿಂಗ್ ಭಟ್ಟ
ರೊಟ್ಟಿಯವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 26 ಮತ್ತು 26.5ಕ್ಕೆ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದೇ. ಅರ್ಧ ನಂಬರ್ ಹೆಚ್ಚು ಕೊಡಿ ಅಂತ ಜಗಳ ಮಾಡಿ ಪ್ರಯೋಜನವಿಲ್ಲ, ಹೆಚ್ಚಂದರೆ ಒಳಗಿನ ಅಟ್ಟೆ ಬದಲಾಗುತ್ತೆ. ಬಕಲ್ ಹಾಕೋ ಕ್ರಮ: ಹಿಮ್ಮಡಿಯನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊದಲು ಹರಡಿನ ಬಕಲ್, ಆಮೇಲೆ ಮೇಲಿನವು, ಪಾದದ ಮೇಲಿನದ್ದು ಕೊನೆಗೆ, ಅದೂ ಸಡಿಲವಾಗಿ. ಪಾದದ ಬಕಲ್ ಬಿಗಿದರೆ ಜೋಮು ಗ್ಯಾರಂಟಿ. ಬಕಲ್‌ನ ಕೊಕ್ಕೆಯನ್ನ ತಿರುಗಿಸಿದರೆ ಮಿಲಿಮೀಟರ್ ಲೆಕ್ಕದಲ್ಲಿ ಬಿಗಿ–ಸಡಿಲ ಆಗುತ್ತೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ.

ಇನ್ನು ಬೈಂಡಿಂಗ್. ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಟ್ಟುಕೊಡೋದು ಇದೇ. ಎಷ್ಟು ಬಲಕ್ಕೆ ಬಿಟ್ಟುಕೊಡಬೇಕು ಅನ್ನೋ ಸಂಖ್ಯೆಯನ್ನ ಅಂಗಡಿಯವರು ತೂಕ, ಎತ್ತರ, ವಯಸ್ಸು, ನಿಮ್ಮ ಮಟ್ಟ, ಬೂಟಿನ ಅಟ್ಟೆಯ ಉದ್ದ ಈ ಐದರ ಮೇಲೆ ಪಟ್ಟಿ ನೋಡಿ ಇಡ್ತಾರೆ. ತೂಕ ಕಮ್ಮಿ ಹೇಳಿದರೆ ತಿರುವಿನ ಮಧ್ಯದಲ್ಲೇ ಸ್ಕೀ ಕಳಚಿಕೊಳ್ಳುತ್ತೆ. 'ನನಗೆ ಚೆನ್ನಾಗಿ ಬರುತ್ತೆ' ಅಂತ ಕೊಚ್ಚಿಕೊಂಡರೆ ಬೀಳುವಾಗ ಕಳಚಲ್ಲ, ಮೊಣಕಾಲು ತಿರುಚುತ್ತೆ. ಹತ್ತು ತುಂಬದ ಮಕ್ಕಳಿಗೆ, ಐವತ್ತು ದಾಟಿದವರಿಗೆ ಪಟ್ಟಿಯಲ್ಲಿ ಒಂದು ಸಾಲು ಕಮ್ಮಿ ಇಡಬೇಕು. ಹುಡುಗನಿಗೆ ಒಂಬತ್ತು ಅಂತ ಬಾಯಿಬಿಟ್ಟು ಹೇಳಿ. ಮಧ್ಯೆ ಬೂಟು ಬದಲಿಸಿದರೆ ಸ್ಕೀಯನ್ನೂ ಅಂಗಡಿಗೆ ತಗೊಂಡು ಹೋಗಿ, ಅಟ್ಟೆ ಉದ್ದ ಬದಲಾದರೆ ಬೈಂಡಿಂಗ್ ಮತ್ತೆ ಹೊಂದಿಸಬೇಕು.

ಸ್ಕೀ ಉದ್ದ ಹೊಸಬರಿಗೆ ಗಲ್ಲದಿಂದ ಮೂಗಿನವರೆಗೆ ಸಾಕು. ಕೋಲನ್ನ ತಲೆಕೆಳಗೆ ಮಾಡಿ, ತುದಿಯ ಬಳೆಯ ಕೆಳಗೆ ಹಿಡಿದಾಗ ಮೊಣಕೈ ತೊಂಬತ್ತು ಡಿಗ್ರಿ ಬರಬೇಕು.

ಪಡ್ಡುಪ್ರಿಯೆ
ಇದೆಲ್ಲ ಬರೆದಿಟ್ಟುಕೊಂಡೆ, ಥ್ಯಾಂಕ್ಸ್. ಹೆಲ್ಮೆಟ್ ಹುಡುಗನಿಗೆ ಮಾತ್ರ ಸಾಕಾ? ಬಟ್ಟೆ ಇಲ್ಲಿಂದಲೇ ಕೊಳ್ಳೋದಾ?

ಕುಡ್ಲದ ಹಿಮಕರಡಿ
ಸಾಲುದಿಲ್ಲ. ಮೊದಲು 18ರ ಒಳಗಿನವರಿಗೆ ಮಾತ್ರ ಕಡ್ಡಾಯ ಇತ್ತು. 2025ರ ನವೆಂಬರ್ 1ರಿಂದ ಇಟಲಿಯ ಪಿಸ್ತಾಗಳಲ್ಲಿ ಎಲ್ಲರಿಗೂ ಕಡ್ಡಾಯ. ಬಾಡಿಗೆಗೆ ಸಿಗ್ತದೆ. ಕೆಳಗೆ ದಪ್ಪ ಉಣ್ಣಿ ಟೋಪಿ ಹಾಕುವ ಹಾಗಿಲ್ಲ, ಹೆಲ್ಮೆಟ್ ಕೂರುವುದಿಲ್ಲ.

ಇನ್ನೊಂದು ಕಡ್ಡಾಯ ವಿಷಯ: 2022ರ ಜನವರಿ 1ರಿಂದ ಪ್ರತಿಯೊಬ್ಬ ಸ್ಕೀಯರ್‌ಗೂ ಥರ್ಡ್ ಪಾರ್ಟಿ ವಿಮೆ ಬೇಕು, ಅಂದರೆ ನೀವು ಬೇರೆಯವರಿಗೆ ಗುದ್ದಿದ್ರೆ ಅವರ ನಷ್ಟ ಭರಿಸುವಂಥದ್ದು. ಇಲ್ಲದಿದ್ರೆ ದಂಡ 100ರಿಂದ 150 ಯೂರೋ, ಪಾಸೂ ಕಿತ್ತುಕೊಳ್ತಾರೆ. ಪಾಸ್ ಕೊಳ್ಳುವಾಗ ಕೌಂಟರಿನಲ್ಲೇ ದಿನಕ್ಕೆ ಮೂರು ಯೂರೋ ಆಸುಪಾಸಿಗೆ ಸೇರಿಸಬಹುದು. 'ಎರ್ರೆ ಚಿ' ಅಂತ ಕೇಳಿ, ಅರ್ಥ ಆಗ್ತದೆ.

ವೀಸಾಕ್ಕೆ ಮಾಡಿಸುವ 30,000 ಯೂರೋ ಪ್ರಯಾಣ ವಿಮೆ ಬೇರೆ, ಇದು ಬೇರೆ. ಬೆರೆಸಬೇಡಿ. ಎಷ್ಟೋ ಪಾಲಿಸಿಗಳಲ್ಲಿ ಸ್ಕೀ 'ಸಾಹಸ ಕ್ರೀಡೆ' ಅಂತ ಹೊರಗಿಟ್ಟಿರ್ತಾರೆ. ಚಳಿಗಾಲದ ಕ್ರೀಡೆ ಸೇರಿಸಿದ ಪಾಲಿಸಿಯೇ ಬೇಕು. ಪಿಸ್ತಾದಿಂದ ಇಳಿಸುವುದು, ಹೆಲಿಕಾಪ್ಟರ್ ಎರಡೂ ಅದರಲ್ಲಿ ಉಂಟೋ ನೋಡಿ. ತುರ್ತು ನಂಬರ್ 112.

ಜೋಳದರೊಟ್ಟಿ
ಬಟ್ಟಿ: ಮೈಗೆ ಹತ್ತಿದ ಪದರ ಹತ್ತಿದು ಬ್ಯಾಡ್ರಿ, ಬೆವರು ಹೀರ್ಕೊಂಡು ತಣ್ಣಗ ಕುಂದರತೈತಿ. ಪಾಲಿಯೆಸ್ಟರ್ ಅಥವಾ ಮೆರಿನೊ. ಅದರ ಮ್ಯಾಲೆ ಫ್ಲೀಸು, ಅದರ ಮ್ಯಾಲೆ ನೀರು ತಡಿಯೂ ಜಾಕೀಟು–ಪ್ಯಾಂಟು, 10,000 ಮಿಲಿಮೀಟರ್ ದರ್ಜೆದು ಸಾಕು. ಒಳಪದರ, ಸಾಕ್ಸ್, ಕೈಗವಸು ಬೆಂಗಳೂರಾಗ ಡೆಕಾಥ್ಲಾನ್‌ನ್ಯಾಗ ಸಿಗ್ತಾವು. ಕೈಗವಸು ಎರಡು ಜೋಡಿ ಒಯ್ರಿ, ಹೊಸಬರು ದಿನಕ್ಕ ನಲವತ್ತು ಸರ್ತಿ ಬೀಳ್ತಾರ, ಒಂದು ಜೋಡಿ ಒಣಗೂದಿಲ್ಲ.

ಗಾಗಲ್ಸ್ ಒಳಗಿನ ಗಾಜು ಒರಸಬ್ಯಾಡ್ರಿ, ಮಂಜು ಹಿಡಿಯದಂಗ ಇರೂ ಲೇಪ ಹೋಗ್ತೈತಿ. ಹಣಿ ಮ್ಯಾಲೆ ಏರಿಸಿ ಇಟ್ಟ್ರೂ ಬೆವರಿನ ಹಬೆ ಒಳಗ ಹೋಗ್ತೈತಿ. ಸನ್‌ಸ್ಕ್ರೀನ್ 50, ತುಟಿಗೂ ಹಚ್ಚೂದು. ನಮ್ಮ ಬಣ್ಣಕ್ಕ ಏನಾಗ್ತೈತಿ ಅನ್ನೂ ಧೈರ್ಯ ಮಾಡಬ್ಯಾಡ್ರಿ, ಹಿಮದಿಂದ ತಿರುಗಿ ಬಿಸಿಲು ಗಲ್ಲದ ಕೆಳಗೂ ಬಡೀತೈತಿ.

ಟೊರಿನೊ ತಿಂಡಿಪೋತ
ಊಟದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಲ್ಲ!

ಪೊಲೆಂಟಾ ಅಂದರೆ ಮೆಕ್ಕೆಜೋಳದ ಮುದ್ದೆ. ಪೊಲೆಂಟಾ ಕೊಂಚಾ ಅಂದರೆ ಅದೇ ಮುದ್ದೆಗೆ ಬೆಣ್ಣೆ ಮತ್ತು ಫೊಂಟೀನಾ ಚೀಸ್ ಕಲಸಿದ್ದು. ಬೆಟ್ಟದ ಮೇಲಿನ ರಿಫೂಜಿಯೋಗಳಲ್ಲಿ (ಊಟ ಸಿಗೋ ತಂಗುಮನೆಗಳು) ಖಂಡಿತ ಸಿಗುತ್ತೆ, ಒಂದು ತಟ್ಟೆ ತಿಂದರೆ ರಾತ್ರಿವರೆಗೆ ಹಸಿವಿಲ್ಲ. ಸಮಸ್ಯೆ ಏನಂದರೆ ಫೊಂಟೀನಾ ಮಾಡೋದು ಕರುವಿನ ಜಠರದಿಂದ ತೆಗೆದ, ಹಾಲು ಒಡೆಸೋ ರೆನೆಟ್ ಹಾಕಿ. ಪಾರ್ಮಿಜಾನೊ, ಗ್ರಾನಾ ಪದಾನೊ ಕೂಡ ಹಾಗೇ. ಅದನ್ನ ಲೆಕ್ಕಕ್ಕೆ ಹಿಡಿಯೋರಾದರೆ ಚೀಸ್ ಬಿಟ್ಟು ಟೊಮೇಟೊ ಪಾಸ್ತಾ (ಅಲ್ ಪೊಮೊದೊರೊ), ಅಣಬೆ ಪೊಲೆಂಟಾ ಕೇಳಿ.

ಸೂಪ್‌ಗಳಲ್ಲಿ ಎಚ್ಚರ. ಮಿನೆಸ್ತ್ರೋನೆ ತರಕಾರಿಯದ್ದಾದರೂ ಕೆಲವು ಕಡೆ ಹಂದಿಕೊಬ್ಬಿನ ಒಗ್ಗರಣೆ ಬೀಳುತ್ತೆ. ವಾಲ್ಪೆಲ್ಲಿನೆ ಸೂಪ್ ಅಂತ ಕೋಸು, ಬ್ರೆಡ್ಡು, ಫೊಂಟೀನಾ ಹಾಕಿದ್ದು ಬರುತ್ತೆ. ನೋಡೋಕೆ ಸಾಧು, ತಳದಲ್ಲಿ ಮಾಂಸದ ಸಾರು. 'ಸೆನ್ಸಾ ಕಾರ್ನೆ' ಅಂದರೆ ಸಾಲದು, ಹ್ಯಾಮ್ ಅವರ ಲೆಕ್ಕದಲ್ಲಿ ಕೆಲವೊಮ್ಮೆ ಮಾಂಸವೇ ಅಲ್ಲ. 'ಸೆನ್ಸಾ ಕಾರ್ನೆ, ಸೆನ್ಸಾ ಪ್ರೊಶುತ್ತೊ, ಸೆನ್ಸಾ ಬ್ರೋದೊ ದಿ ಕಾರ್ನೆ' ಅಂತ ಮೂರನ್ನೂ ಹೇಳಿ.

ಬೊಂಬಾರ್ದೀನೊ ಅಂತ ಹಳದಿ ಬಿಸಿ ಪಾನೀಯ ಎಲ್ಲರ ಕೈಲೂ ಕಾಣುತ್ತೆ. ಮೊಟ್ಟೆಯ ಲಿಕರ್, ಬ್ರಾಂದಿ, ಮೇಲೆ ಕ್ರೀಮು. ಬಾದಾಮಿ ಹಾಲು ಅಂದುಕೊಂಡು ಹುಡುಗನ ಕೈಗೆ ಕೊಟ್ಟೀರಿ.

ಕುಡ್ಲದ ಹಿಮಕರಡಿ
ದೊಡ್ಡವರೂ ಎರಡನೇ ಲೋಟಕ್ಕೆ ಕೈ ಹಾಕುವಾಗ ನೋಡಿ. ಸ್ಕೀ ಮಾಡುವವರಿಗೂ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಕಾರು ಓಡಿಸುವವರಿಗೆ ಇರುವಷ್ಟೇ. ಪಿಸ್ತಾದಲ್ಲಿ ಪೊಲೀಸರು ಇರ್ತಾರೆ, ಸ್ಕೀ ಮೇಲೆಯೇ.

ಸೋಮಾರಿ ಸ್ಕೀಯರ್
180 ಕಿ.ಮೀ. ಪಿಸ್ತಾ ಅಂತ ಜಾಹೀರಾತು ಹೇಳುತ್ತೆ. ಮೂರು ಕಣಿವೆ ಸೇರಿಸಿದರೂ ಅಷ್ಟು ಎಲ್ಲಿದೆ?

ಕೆಂಪುಪಿಸ್ತಾ
ಈ ಸಲ ಸೋಮಾರಿ ಹೇಳಿದ್ದು ಸರಿ. ಒಂದೇ ಪಾಸಿನ ಬಿಡಿ ಬಿಡಿ ತಾಣಗಳನ್ನೂ ಆ ಲೆಕ್ಕಕ್ಕೆ ಸೇರಿಸಿದ್ದಾರೆ: ಶಾಂಪೊಲುಕ್ ಇರೋ ಆಯಾಸ್ ಕಣಿವೆಯಲ್ಲೇ ಆಂಟನ್ಯೋ, ಗ್ರೆಸ್ಸೊನೇ ಸೇಂಟ್ ಜಾನ್ ಹತ್ತಿರ ವೈಸ್‌ಮಾಟೆನ್ ಹೀಗೆ. ಸ್ಕೀ ಕಳಚದೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಭಾಗ ಇದಕ್ಕಿಂತ ಸಾಕಷ್ಟು ಕಡಿಮೆ. ಆದರೆ ಈ ಕುಟುಂಬಕ್ಕೆ ಆಂಟನ್ಯೋ ವರವೇ. ಪುಟ್ಟದು, ಬಿಸಿಲಿರೋ ಮಗ್ಗುಲು, ಅಗಲವಾದ ಸುಲಭದ ಇಳಿಜಾರು. ಬೆಟ್ಟಾಫೋರ್ಕಾ ಗಾಳಿಗೆ ಮುಚ್ಚಿದ ದಿನ ಎಲ್ಲರೂ ಕ್ರೆಸ್ಟ್‌ಗೆ ನುಗ್ಗುತ್ತಾರೆ, ಆವತ್ತು ನೀವು ಆಂಟನ್ಯೋಗೆ ಹೋಗಿ.

ಮ್ಯೂನಿಕ್ ಮೊಸರನ್ನ
ಸರಿ, ಸರಿ. ಹೊಸಬರು ಹೆಚ್ಚಿದ್ದಾರೆ, ಶಾಂಪೊಲುಕ್ ಅಂತಲೇ ಇಟ್ಟುಕೊಳ್ಳಿ. ಕೆಂಪು ಬರೋರು ಬೆಳಿಗ್ಗೆ ಮೊದಲ ಲಿಫ್ಟಿಗೇ ಹೊರಟು ಕ್ರೆಸ್ಟ್ ಮೇಲಿಂದ ಫ್ರಾಶೇ ಕಡೆ ಇಳಿದು, ಫ್ಯುನಿಕ್ಯುಲರ್‌ನಲ್ಲಿ (ಹಳಿ ಮೇಲೆ ಬೆಟ್ಟ ಹತ್ತೋ ಡಬ್ಬಿ) ಚಾರ್ಚೇರಿಯೋ, ಅಲ್ಲಿಂದ ಬೆಟ್ಟಾಫೋರ್ಕಾ, ಸ್ಟಾಫಲ್, ಗಾಬಿಯೆತ್, ಸಲಾತಿ ತನಕ ಹೋಗಿಬರಬಹುದು. ಅಥವಾ ಸ್ಕೀಬಸ್ಸಿನಲ್ಲಿ ನೇರ ಫ್ರಾಶೇಗೆ ಹೋದರೆ ಅರ್ಧ ದಾರಿ ಉಳಿಯುತ್ತೆ. ಅಲಾನ್ಯಾ ಕಡೆ ಇಳಿಯೋದು ಎರಡನೇ ಸಲಕ್ಕೆ ಇರಲಿ.

ದಾರಿ ವಿಷಯ. ಬೆಂಗಳೂರಿಂದ ಮಿಲಾನೊ ಮಾಲ್ಪೆನ್ಸಾ ಅಥವಾ ಟೊರಿನೊ, ಎರಡಕ್ಕೂ ಮಧ್ಯೆ ವಿಮಾನ ಬದಲಿಸಬೇಕು. ಟೊರಿನೊ ನಿಲ್ದಾಣದಿಂದ ಸುಮಾರು 100 ಕಿ.ಮೀ., ಮಾಲ್ಪೆನ್ಸಾದಿಂದ 150ರ ಹತ್ತಿರ. ಎ5 ಹೆದ್ದಾರಿಯಲ್ಲಿ ವೆರ್ರೆಸ್‌ಗೆ ಹೊರಬಿದ್ದು ಮೇಲಕ್ಕೆ 27 ಕಿ.ಮೀ. ಗ್ರೆಸ್ಸೊನೇಗಾದರೆ ಅದಕ್ಕೂ ಮುಂಚೆ ಪೊಂಟ್ ಸೇಂಟ್ ಮಾರ್ಟಿನ್‌ನಲ್ಲಿ ಹೊರಬೀಳಬೇಕು. ಕಾರು ಬಾಡಿಗೆಗೆ ತಗೊಂಡರೆ ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಇರಲೇಬೇಕು. ಜೊತೆಗೆ ಚಳಿಗಾಲದ ಟೈರು, ಇಲ್ಲವೇ ಡಿಕ್ಕಿಯಲ್ಲಿ ಚೈನು. ಬಾಡಿಗೆ ಕಾರಿಗೆ ತಾನಾಗೇ ಹಾಕಿರ್ತಾರೆ ಅಂದುಕೊಳ್ಳಬೇಡಿ, ಬುಕ್ ಮಾಡುವಾಗಲೇ ಕೇಳಿ ಬರೆಸಿಕೊಳ್ಳಿ.

ರೈಲು ಅಂದುಕೊಂಡಿದ್ದರೆ: ವೆರ್ರೆಸ್ ಮೂಲಕ ಹೋಗೋ ಇವ್ರೇಯಾ–ಅಓಸ್ಟಾ ಹಳಿಯನ್ನ ವಿದ್ಯುದೀಕರಣಕ್ಕೆಂದು 2024ರ ಜನವರಿಯಲ್ಲಿ ಮುಚ್ಚಿ ಬದಲಿ ಬಸ್ ಹಾಕಿದರು. ಟಿಕೆಟ್ ಮಾಡೋ ಮೊದಲು ಆ ಭಾಗ ರೈಲೋ ಬಸ್ಸೋ ನೋಡಿಕೊಳ್ಳಿ. ಬಸ್ಸಾದರೆ ನಾಲ್ಕು ಜನರ ಸೂಟ್‌ಕೇಸಿನ ಲೆಕ್ಕ ಬೇರೆ.

ಹಿಮಲೆಕ್ಕಿಗ
ವಾರದ ಆಯ್ಕೆ ಚೆನ್ನಾಗಿದೆ. ಜನವರಿ 6ರ ಎಪಿಫನಿ ಹಬ್ಬ ಮುಗಿದ ಮೇಲೆ ಫೆಬ್ರವರಿಯ ಕಾರ್ನಿವಾಲ್ ರಜೆ ತನಕ ಈ ಕಣಿವೆಗಳು ವಾರದ ದಿನಗಳಲ್ಲಿ ಖಾಲಿ. ಶನಿವಾರ, ಭಾನುವಾರ ಮಾತ್ರ ಮಿಲಾನೊ, ಟೊರಿನೊ ಎರಡೂ ಕಡೆಯಿಂದ ಕಾರುಗಳು ಬಂದುಬೀಳ್ತವೆ. ಭಾನುವಾರ ಇಳಿದು ಮುಂದಿನ ಭಾನುವಾರ ಹೊರಡೋ ಹಾಗೆ ನೋಡಿ. ಬಾಡಿಗೆ ಅಂಗಡಿಯ ಕೆಲಸ ಭಾನುವಾರ ಸಂಜೆಯೇ ಮುಗಿಸಿದರೆ ಸೋಮವಾರ ಬೆಳಗಿನ ಒಂದು ಗಂಟೆ ಉಳಿಯುತ್ತೆ.

ಪಿಸ್ತಾ ಬಣ್ಣ: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಫ್ರಾನ್ಸಿನ ಹಾಗೆ ಹಸಿರು ಇಲ್ಲ. ಹಾಗಾಗಿ ನೀಲಿಗಳಲ್ಲೂ ಬಹಳ ವ್ಯತ್ಯಾಸ, ಮೊದಲ ದಿನದ ನೀಲಿಯನ್ನ ಮೇಷ್ಟ್ರೇ ಆರಿಸಲಿ.

ಕೆಂಪು ಬರೋರಿಗೆ ಒಂದು ಮಾತು. ಸಲಾತಿಯಿಂದ ಇಂದ್ರೆನ್‌ಗೆ (ಸುಮಾರು 3,270 ಮೀ.) ಕೇಬಲ್ ಕಾರ್ ಹೋಗುತ್ತೆ. ಪಾಸ್ ಇದೆ ಅಂತ ಹತ್ತಬೇಡಿ. ಅಲ್ಲಿಂದ ಇಳಿಯೋದು ಹದ ಮಾಡಿದ ಪಿಸ್ತಾ ಅಲ್ಲ, ಹಿಮನದಿಯ ಪ್ರದೇಶ. ಬಿರುಕುಗಳ ಮೇಲೆ ಹಿಮ ಮುಚ್ಚಿರುತ್ತೆ. ಅಲಾನ್ಯಾಕ್ಕೆ ಹೆಸರು ಬಂದಿರೋದೇ ಇಂಥ ದಾರಿಗಳಿಂದ. ಅದಕ್ಕೆ ಮಾರ್ಗದರ್ಶಿ ಬೇಕು, 'ಆರ್ತ್ವಾ' ಅನ್ನೋ ಸಂಕೇತ ಯಂತ್ರ, ಸಲಿಕೆ, ಶೋಧಕೋಲು ಬೇಕು, ಬಳಸೋಕೂ ಬರಬೇಕು. ಹಿಮಕುಸಿತದ ಅಪಾಯ ಇರೋ ಕಡೆ ಈ ಮೂರೂ ಇಟಲಿಯ ಕಾನೂನಿನಲ್ಲೇ ಕಡ್ಡಾಯ. ಅಪಾಯದ ಮಟ್ಟ 1ರಿಂದ 5. '3 ಅಂದರೆ ಮಧ್ಯಮ ತಾನೇ' ಅಂತ ಓದೋದೇ ತಪ್ಪು, ಸಾವುಗಳಲ್ಲಿ ದೊಡ್ಡ ಪಾಲು ಆ 3ರ ದಿನಗಳದ್ದೇ. ಹಿಮದಡಿ ಹೂತುಹೋದವರು ಬದುಕುಳಿಯೋ ಸಾಧ್ಯತೆ ಹತ್ತು–ಹದಿನೈದು ನಿಮಿಷ ದಾಟುತ್ತಿದ್ದಂತೆ ಕುಸಿಯುತ್ತೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರಲ್ಲ.

ಬೈಂಡಿಂಗ್ ಭಟ್ಟ
ಕಲಿಯೋರಿಗೆ: ಗುಂಪಿನ ಪಾಠ ಸಾಮಾನ್ಯವಾಗಿ ಬೆಳಿಗ್ಗೆ ಎರಡು–ಮೂರು ಗಂಟೆ. ಇಂಗ್ಲಿಷ್ ಬರೋ ಮೇಷ್ಟ್ರು ಬೇಕು ಅಂತ ಮುಂಚೆಯೇ ಬರೆಯಿರಿ. ಮೊದಲು ಕಲಿಸೋದು ಸ್ಪಾತ್ಸಾನೇವೆ, ಅಂದರೆ ಸ್ಕೀ ತುದಿಗಳು ಮುಷ್ಟಿಯಷ್ಟು ದೂರ, ಹಿಂಭಾಗ ಅಗಲ. ಎಲ್ಲರೂ ಮಾಡೋ ತಪ್ಪು ಹೆದರಿ ಹಿಂದಕ್ಕೆ ವಾಲೋದು. ಭಾರ ಹಿಂದೆ ಹೋದರೆ ಮುಂದಿನ ಅಂಚು ಹಿಮ ಕಚ್ಚಲ್ಲ, ಸ್ಕೀ ಓಡುತ್ತೆ, ಇನ್ನೂ ಹೆದರಿಕೆ, ಇನ್ನೂ ಹಿಂದೆ. ಮೊಣಕಾಲ ಕೆಳಗಿನ ಮುಂಗಾಲು ಬೂಟಿನ ನಾಲಿಗೆಗೆ ಸದಾ ಒತ್ತಿರಬೇಕು, ಕೈ ಕಣ್ಣಿಗೆ ಕಾಣೋ ಹಾಗೆ ಮುಂದಿರಬೇಕು. ಎಡಕ್ಕೆ ತಿರುಗೋಕೆ ಬಲಗಾಲು ಒತ್ತಿ. ಇದು ಮೊದಲ ದಿನ ತಲೆಗೆ ಹೋಗಲ್ಲ, ಎರಡನೇ ದಿನ ಕಾಲಿಗೇ ಗೊತ್ತಾಗುತ್ತೆ.

ಬಿದ್ದರೆ ಎರಡೂ ಸ್ಕೀಯನ್ನ ಇಳಿಜಾರಿಗೆ ಅಡ್ಡ, ದೇಹದ ಕೆಳಮಗ್ಗುಲಿಗೆ ತಂದು ಆಮೇಲೆ ಏಳಿ. ಎಳೆಯೋ ಲಿಫ್ಟ್ ಸಿಕ್ಕರೆ ಅದರ ಮೇಲೆ ಕೂರಬೇಡಿ, ಅದು ಕುರ್ಚಿ ಅಲ್ಲ, ಕೂತರೆ ನೆಲಕ್ಕೇ. ಚೇರ್‌ಲಿಫ್ಟಿನಲ್ಲಿ 1.25 ಮೀಟರಿಗಿಂತ ಕುಳ್ಳಗಿರೋ ಮಕ್ಕಳ ಜೊತೆ ದೊಡ್ಡವರು ಇರಬೇಕು. ನಿಮ್ಮ ಹುಡುಗ ಅದನ್ನ ದಾಟಿರಬಹುದು, ಆದರೂ ಮೊದಲ ದಿನ ಒಬ್ಬನನ್ನೇ ಬಿಡಬೇಡಿ.

ಸೋಮಾರಿ ಸ್ಕೀಯರ್
ಫ್ರಾಶೇ ಕಡೆಯಿಂದ ಪಕ್ಕದ ಕಣಿವೆಯ ಚೆರ್ವೀನಿಯಾಗೆ ಲಿಫ್ಟ್ ಹಾಕಿಬಿಟ್ಟರೆ ಸ್ವಿಟ್ಜರ್‌ಲೆಂಡಿನ ಜೆರ್ಮಾಟ್ ತನಕ ಒಂದೇ ಆಗುತ್ತೆ. ಯಾಕೆ ಹಾಕಲ್ಲ ಇವರು?

ಹಿಮಲೆಕ್ಕಿಗ
ಆ ಯೋಜನೆ ವರ್ಷಗಳಿಂದ ಜಗ್ಗಾಟದಲ್ಲಿದೆ. ಮಧ್ಯೆ ಇರೋದು ಚೀಮೆ ಬಿಯಾಂಕೆ ಕಣಿವೆ, ಲಿಫ್ಟ್ ಕಂಬಗಳಿಲ್ಲದೆ ಉಳಿದಿರೋ ಜಾಗ, ನತೂರಾ 2000 ರಕ್ಷಿತ ಪ್ರದೇಶ. ಹಾಕಿದರೆ ಶಾಂಪೊಲುಕ್‌ನ ಈ ಶಾಂತಿಯೇ ಮೊದಲು ಹೋಗುತ್ತೆ.

ಮ್ಯೂನಿಕ್ ಮೊಸರನ್ನ
ಅಲ್ಲಿನವರಿಗೂ ಹೊಟ್ಟೆಪಾಡಿದೆ, ಅದನ್ನೂ ನೋಡಿ. ದೊಡ್ಡ ನಕ್ಷೆಯೇ ಗಿರಾಕಿ ತರೋದು. ನಾವು ಒಂದು ವಾರ ಇದ್ದು 'ಶಾಂತವಾಗಿರಲಿ' ಅಂದು ಬರೋದು ಸುಲಭ.

ಕುಡ್ಲದ ಹಿಮಕರಡಿ
ಶಾಂಪೊಲುಕ್ ಕಣಿವೆಗೆ ಗಾಳಿಗೆ ನಿಲ್ಲುವ ಕೊಂಡಿ ಈಗ ಒಂದು ಉಂಟು, ಆಗ ಎರಡಾಗ್ತದೆ. ಅಷ್ಟೇ.

ಪಡ್ಡುಪ್ರಿಯೆ
ಜಗಳ ನೋಡ್ತಾ ಎಲ್ಲ ಗೊತ್ತಾಯ್ತು :) ಶಾಂಪೊಲುಕ್‌ನಲ್ಲೇ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ನೋಡ್ತೀವಿ. ಕುಕ್ಕರ್, ಅಕ್ಕಿ, ಚಟ್ನಿಪುಡಿ, ಒಂದು ಬಾಟ್ಲು ತುಪ್ಪ, ಧಾರವಾಡ ಪೇಡ ತಗೊಂಡು ಹೋಗಬಹುದು ತಾನೇ?

ಟೊರಿನೊ ತಿಂಡಿಪೋತ
ತುಪ್ಪ, ಪೇಡ ಇಲ್ಲ! ಯುರೋಪಿಯನ್ ಒಕ್ಕೂಟದ ಹೊರಗಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಪ್ರಯಾಣಿಕರು ತರೋ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡು ಬಿಸಾಡ್ತಾರೆ. ಹಸಿ ಕರಿಬೇವೂ ಬೇಡ, ಸಸ್ಯಕ್ಕೆ ಪ್ರಮಾಣಪತ್ರ ಕೇಳ್ತಾರೆ. ಒಣ ಚಟ್ನಿಪುಡಿ, ಸಾರಿನಪುಡಿ ಪರವಾಗಿಲ್ಲ, ಒಣಕೊಬ್ಬರಿ ಹಾಕಿದ್ದಾದರೆ ಗಟ್ಟಿ ಪ್ಯಾಕ್ ಮಾಡಿ.

ಕುಕ್ಕರ್ ಒಯ್ಯೋದು ಒಳ್ಳೇ ಬುದ್ಧಿ. ಆ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯೋ ಹೊತ್ತಿಗೆ ಹೊಟ್ಟೆ ಬೆಂದಿರುತ್ತೆ. ಅಪಾರ್ಟ್‌ಮೆಂಟಿನ ಒಲೆ ಇಂಡಕ್ಷನ್ನಾ ಅಂತ ಕೇಳಿ, ಆಗಿದ್ದರೆ ಬರೀ ಅಲ್ಯೂಮಿನಿಯಂ ಕುಕ್ಕರ್ ನಡೆಯಲ್ಲ, ಇಂಡಕ್ಷನ್‌ಗೆ ಆಗೋ ಸ್ಟೀಲ್ ತಳದ್ದು ಬೇಕು.

ಜೋಳದರೊಟ್ಟಿ
ಪೇಡ ಬಿಟ್ಟು ಹೋಗೂದಾ? ಇದು ನ್ಯಾಯ ಅಲ್ಲ ಬಿಡ್ರಿ.

ಟೊರಿನೊ ತಿಂಡಿಪೋತ
ಪೇಡಕ್ಕೆ ದಾರಿ ಇಲ್ಲ, ತುಪ್ಪಕ್ಕಿದೆ. ಊರಿನ ಅಂಗಡಿಯಲ್ಲಿ 250 ಗ್ರಾಂ ಬೆಣ್ಣೆ ತಗೊಳ್ಳಿ, ಬುರ್ರೋ ಅಂತ ಬರೆದಿರುತ್ತೆ, ಅಲ್ಲಿ ಮಾಮೂಲಿಯಾಗಿ ಸಿಗೋದೇ ಉಪ್ಪಿಲ್ಲದ್ದು. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ, ಹದಿನೈದು ನಿಮಿಷ. ನೊರೆ ಇಳಿದು, ಚಟಪಟ ಸದ್ದು ನಿಂತು, ತಳದ ಗಸಿ ಕೆಂಪಾದ ಕೂಡಲೇ ಇಳಿಸಿ. ಇನ್ನೂರು ಗ್ರಾಂ ಬರುತ್ತೆ, ಆರು ದಿನಕ್ಕೆ ಸಾಕು. ಮೇಲೆ ಹಾಕೋಕೆ ನುಗ್ಗೆಸೊಪ್ಪು ಮಾತ್ರ ಸಿಗಲ್ಲ.